ಮಿತಿ ಮೀರಿದ ಅಳತೆಗೆ ತಾನಾಗಿ ಉತ್ತರಿಸುವ ಎಸ್‌ಪಿಸಿ ತಂತ್ರಾಂಶ: ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಹದಿನಾಲ್ಕು ತಿಂಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಹತ್ತು ಸಿಎನ್‌ಸಿ ಯಂತ್ರಗಳಿರುವ ಒಂದು ಮಷೀನ್ ಶಾಪಿನ ಗುಣಮಟ್ಟ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಸುತ್ತಲಿನ ಫೌಂಡ್ರಿಗಳಿಂದ ಬರುವ ಬೀಡು ಕಬ್ಬಿಣದ ಎರಕಗಳನ್ನು ಕೊರೆದು, ಕಡೆದು, ಹೈಡ್ರಾಲಿಕ್ ಪಂಪುಗಳ ಕವರ್ ಮತ್ತು ಬಾಡಿಗಳನ್ನಾಗಿ ಮಾಡಿ ಕಳಿಸುವುದು ನಮ್ಮ ಕೆಲಸ. ಹದಿನಾಲ್ಕು ತಿಂಗಳ ಹಿಂದಿನವರೆಗೆ ಯಂತ್ರದ ಪಕ್ಕದ ಹಲಗೆಗೆ ಸಿಕ್ಕಿಸಿದ ಕಾಗದದ ಚಾರ್ಟಿನ ಮೇಲೆ ಆಪರೇಟರುಗಳೇ ಚುಕ್ಕೆ ಇಡುತ್ತಿದ್ದರು. ಶಿಫ್ಟ್ ಮುಗಿಯುವ ಹೊತ್ತಿಗೆ ಎಂಟು ಚುಕ್ಕೆಗಳನ್ನೂ ಒಂದೇ ಪೆನ್ನಿನಿಂದ ಒಂದೇ ಉಸಿರಿಗೆ ಇಟ್ಟಿರುತ್ತಿದ್ದರೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೆ ಪರಿಹಾರವಾಗಿ ಗಾಳಿಯ ಒತ್ತಡದಿಂದ ರಂಧ್ರವನ್ನು ಅಳೆಯುವ ಏರ್ ಗೇಜಿನಿಂದ ಅಳತೆಯನ್ನು ನೇರವಾಗಿ ಓದಿಕೊಳ್ಳುವ ಒಂದು ಎಸ್‌ಪಿಸಿ (ಅಂಕಿಅಂಶಗಳ ಮೂಲಕ ಪ್ರಕ್ರಿಯೆಯನ್ನು ನಿಯಂತ್ರಿಸುವ) ತಂತ್ರಾಂಶವನ್ನು ಕೊಂಡೆವು. ಈ ವಿಮರ್ಶೆ ಅದರ ಒಂದು ಭಾಗಕ್ಕೆ ಮಾತ್ರ ಸಂಬಂಧಿಸಿದ್ದು: ಅಳತೆಯೊಂದು ಮಿತಿಯನ್ನು ದಾಟಿದ ಕ್ಷಣ ತಂತ್ರಾಂಶ ತಾನಾಗಿ ಏನು ಮಾಡಬೇಕು ಎಂಬುದನ್ನು ನಿಗದಿಪಡಿಸುವ ವ್ಯವಸ್ಥೆ. ಕೊಳ್ಳುವಾಗ ನಮ್ಮನ್ನು ಒಪ್ಪಿಸಿದ್ದು ಆ ಭಾಗವೇ, ಕೊಂಡ ಮೇಲೆ ನಮ್ಮನ್ನು ಕಾಡಿದ್ದೂ ಅದೇ.

ತಂತ್ರಾಂಶದ ಹೆಸರನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಮುಂದೆ ಎತ್ತುವ ತಕರಾರುಗಳಲ್ಲಿ ಅರ್ಧದಷ್ಟು ನಮ್ಮದೇ ತಪ್ಪಿನಿಂದ ಹುಟ್ಟಿದವು. ಉಳಿದ ಅರ್ಧ, ಬೇರೆ ಹೆಸರಿನ ತಂತ್ರಾಂಶವನ್ನು ನೋಡಲು ಕುಳಿತವರೂ ಕೇಳಲೇಬೇಕಾದ ಪ್ರಶ್ನೆಗಳು. ಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಆದರೆ ಮೊದಲ ಮೂರು ತಿಂಗಳಲ್ಲಿ ಯಾರಾದರೂ ಕೇಳಿದ್ದರೆ ಉತ್ತರ ಬೇರೆಯದೇ ಇರುತ್ತಿತ್ತು.

ವ್ಯವಸ್ಥೆಯ ಸ್ವರೂಪ ಸರಳವಾಗಿದೆ. ಪ್ರತಿಯೊಂದು ಅಳತೆಗೂ, ಅಂದರೆ ಪ್ರತಿ ಬೋರಿಗೆ (ಕೊರೆದ ರಂಧ್ರಕ್ಕೆ), ಪ್ರತಿ ಆಳಕ್ಕೆ, ಪ್ರತಿ ದಪ್ಪಕ್ಕೆ, ಎರಡು ಬಗೆಯ ಮಿತಿಗಳನ್ನು ತುಂಬಬಹುದು. ಡ್ರಾಯಿಂಗಿನಲ್ಲಿ ಗಿರಾಕಿ ಕೊಟ್ಟ ಮಿತಿ ಒಂದು; ನಮ್ಮ ಯಂತ್ರವೇ ತನ್ನ ನಡವಳಿಕೆಯಿಂದ ತೋರಿಸಿಕೊಟ್ಟ ನಿಯಂತ್ರಣ ಮಿತಿ ಇನ್ನೊಂದು. ಎರಡನೆಯದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಪುಟದ ಟಿಪ್ಪಣಿಯಲ್ಲಿ ಮುಂದಿಟ್ಟ ವಿಚಾರ. ನೂರು ವರ್ಷ ದಾಟಿದರೂ ಅದರ ಗಣಿತ ಹಾಗೆಯೇ ಇದೆ. ಈ ಮಿತಿಗಳಲ್ಲಿ ಯಾವುದು ಮುರಿದರೆ ಏನಾಗಬೇಕು ಎಂಬುದನ್ನು ಒಂದು ಪಟ್ಟಿಯಿಂದ ಆರಿಸಿ ಜೋಡಿಸಬೇಕು. ಪರದೆ ಕೆಂಪಾಗುವುದು, ಹೂಟರ್ ಕೂಗುವುದು, ಇಮೇಲ್ ಅಥವಾ ಎಸ್‌ಎಂಎಸ್ ಹೋಗುವುದು, ಕಾರಣ ಬರೆಯುವವರೆಗೆ ಮುಂದಿನ ಅಳತೆಯನ್ನು ಸ್ವೀಕರಿಸದಿರುವುದು, ತಡೆಹಿಡಿದ ಮಾಲಿಗೆ ಚೀಟಿ ಮುದ್ರಿಸುವುದು, ರಿಲೇ ಮೂಲಕ ಯಂತ್ರವನ್ನು ನಿಲ್ಲಿಸುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಜೋಡಿಸುವ ಪರದೆ ಎಷ್ಟು ಸುಲಭವೆಂದರೆ, ತರಬೇತಿ ಮುಗಿದ ಮಧ್ಯಾಹ್ನವೇ ನಾನು ಹತ್ತೂ ಯಂತ್ರಗಳಿಗೆ ಎಲ್ಲ ನಿಯಮಗಳನ್ನೂ ಜೋಡಿಸಿ ಮುಗಿಸಿದ್ದೆ. ಸುಲಭವಾಗಿದ್ದದ್ದೇ ಕೇಡಾಯಿತು.

ಲೆಕ್ಕವನ್ನು ಆಮೇಲೆ ಹಾಕಿದೆ, ಮೊದಲೇ ಹಾಕಬೇಕಿತ್ತು. ನಮ್ಮಲ್ಲಿ ಹತ್ತು ಯಂತ್ರಗಳು, ಯಂತ್ರಕ್ಕೆ ಆರು ಅಳತೆಗಳಂತೆ 60 ಚಾರ್ಟುಗಳು. ಗಂಟೆಗೊಮ್ಮೆ ಐದು ಪೀಸ್ ಅಳೆದು ಅವುಗಳ ಸರಾಸರಿಗೆ ಒಂದು ಬಿಂದು ಇಟ್ಟರೆ ಎಂಟು ಗಂಟೆಯ ಶಿಫ್ಟಿಗೆ 480 ಬಿಂದುಗಳು. ಮೂರು ಸಿಗ್ಮಾದ (ಸಿಗ್ಮಾ ಎಂದರೆ ಸಹಜ ಚದುರುವಿಕೆಯ ಅಳತೆ) ಆಚೆ ಒಂದು ಬಿಂದು ಬೀಳುವ ನಿಯಮವೊಂದನ್ನೇ ಇಟ್ಟುಕೊಂಡರೂ, ಯಂತ್ರದಲ್ಲಿ ಯಾವ ದೋಷವೂ ಇಲ್ಲದಿದ್ದಾಗ ಕೇವಲ ಆಕಸ್ಮಿಕವಾಗಿ ಸುಮಾರು 370 ಬಿಂದುಗಳಿಗೊಂದು ಸುಳ್ಳು ಎಚ್ಚರಿಕೆ ಬರುತ್ತದೆ. ಅಂದರೆ ಶಿಫ್ಟಿಗೆ ಒಂದು, ಹೆಚ್ಚೆಂದರೆ ಎರಡು, ಇದನ್ನು ಸಹಿಸಿಕೊಳ್ಳಬಹುದು. 1956ರಲ್ಲಿ ಕೈಪಿಡಿಯಾಗಿ ಪ್ರಕಟವಾದ ವೆಸ್ಟರ್ನ್ ಎಲೆಕ್ಟ್ರಿಕ್ ನಿಯಮಗಳು ನಾಲ್ಕನ್ನೂ ಒಟ್ಟಿಗೆ ಹಚ್ಚಿದರೆ ಸುಳ್ಳು ಎಚ್ಚರಿಕೆ ಸರಾಸರಿ 92 ಬಿಂದುಗಳಿಗೊಂದಾಗುತ್ತದೆ, ಶಿಫ್ಟಿಗೆ ಐದು. ನಾನು 1984ರ ನೆಲ್ಸನ್ ನಿಯಮಗಳನ್ನು ಎಂಟಕ್ಕೆ ಎಂಟೂ ಹಚ್ಚಿದ್ದೆ. ಅದರ ಮೇಲೆ, ಇನ್ಸರ್ಟ್ (ಕೊರೆಯುವ ಟೂಲಿನ ಬದಲಿಸಬಹುದಾದ ತುದಿ) ಸವೆದಂತೆ ಬೋರ್ ಕಿರಿದಾಗುತ್ತ ಹೋಗುವುದು ಸಹಜವಾದ ನಮ್ಮ ಕೆಲಸದಲ್ಲಿ, ಒಂದೇ ದಿಕ್ಕಿಗೆ ಸತತ ಆರು ಬಿಂದು ಸಾಗಿದರೆ ಕೂಗು ಎಂದು ಹೇಳುವ ನಿಯಮ ಕೂಗದೆ ಇರುವುದು ಸಾಧ್ಯವೇ ಇರಲಿಲ್ಲ.

ಮೊದಲ ವಾರ ಹೂಟರ್ ಕೂಗಿದಾಗ ಜನ ಓಡಿ ಬಂದರು. ಎರಡನೆಯ ವಾರ ತಲೆಯೆತ್ತಿ ನೋಡಿದರು. ಮೂರನೆಯ ವಾರದ ಕೊನೆಗೆ, ಪರದೆ ಕೆಂಪಾಗಿಯೇ ನಿಂತಿದ್ದ ಒಂದು ಸ್ಟೇಷನ್ ಬಳಿ ಹೋಗಿ ಇದು ಏನೆಂದು ಕೇಳಿದಾಗ, ನಮ್ಮ ಹಿರಿಯ ಆಪರೇಟರ್ ಒಬ್ಬರು ಕೈ ಒರೆಸಿಕೊಳ್ಳುತ್ತ ಹೇಳಿದ ಮಾತು ಇದು: “ಸರ, ಅದು ಬರತೈತಿ, ನಾವು ಒತ್ತತೇವಿ, ಅದು ಹೋಗತೈತಿ.” ತಂತ್ರಾಂಶದ ದಾಖಲೆಯಲ್ಲಿ ಆ ದಿನ ಎಲ್ಲ ಎಚ್ಚರಿಕೆಗಳಿಗೂ ಸಕಾಲದಲ್ಲಿ ಉತ್ತರ ದೊರೆತಿದೆಯೆಂದು ಹಸಿರು ಗುರುತಿತ್ತು.

ಆ ಮಾತು ಕೇಳಿದ ಮರುದಿನ ನಿಯಮಗಳನ್ನು ಕಳಚಲು ಕುಳಿತೆ. ಗಿರಾಕಿಯ ಡ್ರಾಯಿಂಗಿನಲ್ಲಿ ವಿಶೇಷ ಗುರುತು ಇರುವ ಹದಿನಾಲ್ಕು ಅಳತೆಗಳಿಗೆ ಮಾತ್ರ ಹೂಟರ್ ಉಳಿಸಿಕೊಂಡೆ. ನಿಯಂತ್ರಣ ಮಿತಿಗೆ ಮೂರು ಸಿಗ್ಮಾದ ನಿಯಮ ಮತ್ತು ಮಧ್ಯರೇಖೆಯ ಒಂದೇ ಪಕ್ಕದಲ್ಲಿ ಸತತ ಎಂಟು ಬಿಂದುಗಳ ನಿಯಮ, ಇವೆರಡನ್ನೇ ಇಟ್ಟೆ. ಎರಡನೆಯದನ್ನೂ ಸವೆತದಿಂದ ಜಾರುವ ಬೋರುಗಳಿಗೆ ಹಚ್ಚಲಿಲ್ಲ. ಒಂದು ಎಚ್ಚರಿಕೆಯನ್ನು ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ನಾನು ಬಳಸಿದ ಅಳತೆಗೋಲು ಒಂದೇ: ಅದು ಕೂಗಿದಾಗ ಆಪರೇಟರ್ ಕೈಯಿಂದ ಮಾಡಬೇಕಾದ ನಿರ್ದಿಷ್ಟ ಕೆಲಸವೊಂದು ಇದೆಯೇ? ಇಲ್ಲವಾದರೆ ಅದು ಸಂಜೆಯ ವರದಿಯಲ್ಲಿ ನನ್ನ ಮೇಜಿಗೆ ಬಂದರೆ ಸಾಕು.

ಇಷ್ಟೆಲ್ಲ ಕೂಗುತ್ತಿದ್ದ ಆ ಮೂರು ವಾರಗಳಲ್ಲೇ, ಕೂಗಬೇಕಾದ ಒಂದು ಕಡೆ ತಂತ್ರಾಂಶ ಮೌನವಾಗಿತ್ತು ಎಂಬುದು ಆಮೇಲೆ ತಿಳಿಯಿತು. ಪಂಪಿನ ಕವರಿನಲ್ಲಿ ಬುಶ್ (ಒತ್ತಿ ಕೂರಿಸುವ ಸಣ್ಣ ಕೊಳವೆಯಂಥ ಭಾಗ) ಕೂರುವ ಬೋರಿನ ಅಳತೆ 25 ಎಚ್7, ಎಂದರೆ 25.000ದಿಂದ 25.021 ಮಿ.ಮೀ. ವರೆಗೆ. ಒಂದು ದಿನದ ಐದು ಪೀಸುಗಳು ಹೀಗಿದ್ದವು: 25.008, 25.010, 25.009, 25.024, 25.007. ನಾಲ್ಕನೆಯದು ಮಿತಿಯಿಂದ ಮೂರು ಮೈಕ್ರಾನ್ ಆಚೆ ಇದೆಯೆಂದು ಯಾರೂ ಹೇಳಬಹುದು. ಆದರೆ ಐದರ ಸರಾಸರಿ 25.0116, ಹೆಚ್ಚುಕಡಿಮೆ ಮಿತಿಯ ನಟ್ಟನಡುವೆ. ಡ್ರಾಯಿಂಗ್ ಮಿತಿಯ ಎಚ್ಚರಿಕೆಯನ್ನು ಬಿಡಿ ಅಳತೆಗೆ ಹಚ್ಚಬೇಕೋ ಗುಂಪಿನ ಸರಾಸರಿಗೆ ಹಚ್ಚಬೇಕೋ ಎಂಬುದಕ್ಕೆ ಸೆಟ್ಟಿಂಗಿನ ಮೂರನೆಯ ಪುಟದಲ್ಲಿ ಒಂದು ಚಿಕ್ಕ ಆಯ್ಕೆಯಿತ್ತು. ತಂತ್ರಾಂಶ ಬರುವಾಗಲೇ ಅದು ಸರಾಸರಿಗೆ ನಿಂತಿತ್ತು, ನಾನು ಅದನ್ನು ಬದಲಿಸಿರಲಿಲ್ಲ. ಪರದೆ ಹಸಿರಾಗಿಯೇ ಉಳಿಯಿತು, ಟ್ರೇ ಮುಂದೆ ಹೋಯಿತು, ಗಿರಾಕಿಯ ಜೋಡಣೆಯ ಲೈನಿನಲ್ಲಿ ಒಂದು ಬುಶ್ ಸಡಿಲವಾಗಿ ಕೂತಿತು, ನನಗೆ ಫೋನ್ ಬಂತು.

ಆದದ್ದು ಇಷ್ಟು. ನಾಲ್ಕನೆಯ ಪೀಸಿಗೆ ಮೊದಲು ಆಪರೇಟರ್ ಇನ್ಸರ್ಟಿನ ಹೊಸ ಮೂಲೆಯನ್ನು ತಿರುಗಿಸಿ ಹಾಕಿದ್ದರು. ಹಳೆಯ ಮೂಲೆ ಸವೆದಿದ್ದಾಗ ಬೋರ್ ಕಿರಿದಾಗದಂತೆ ಕೊಡುತ್ತ ಬಂದಿದ್ದ ಆಫ್‌ಸೆಟ್ (ಟೂಲಿನ ಸ್ಥಾನಕ್ಕೆ ಯಂತ್ರದಲ್ಲಿ ಕೊಡುವ ತಿದ್ದುಪಡಿ) ಹಾಗೆಯೇ ಉಳಿದದ್ದರಿಂದ ಹೊಸ ಮೂಲೆ ಹೆಚ್ಚು ಕೊರೆಯಿತು. ಗೇಜಿನಲ್ಲಿ ಅದನ್ನು ಕಂಡ ಕೂಡಲೇ ಅವರು ಆಫ್‌ಸೆಟ್ ಸರಿಪಡಿಸಿದರು, ಐದನೆಯ ಪೀಸ್ ಸರಿಯಾಗಿಯೇ ಬಂತು. ಪರದೆ ಹಸಿರಾಗಿದೆಯೆಂದರೆ ಪೀಸ್ ನಡೆಯುತ್ತದೆ ಎಂದುಕೊಂಡು ನಾಲ್ಕನೆಯದನ್ನು ಟ್ರೇಯಿಂದ ತೆಗೆಯಲಿಲ್ಲ. ಕಾಗದದ ಚಾರ್ಟಿನ ಕಾಲದಲ್ಲಾಗಿದ್ದರೆ ಇದೇ ವ್ಯಕ್ತಿ ಆ ಪೀಸಿಗೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಗುಂಪಿನ ರೇಂಜ್, ಅಂದರೆ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಳತೆಗಳ ವ್ಯತ್ಯಾಸ, ಅಂದು 17 ಮೈಕ್ರಾನ್ ಇತ್ತು. ನಮ್ಮ ಸರಾಸರಿ ರೇಂಜ್ ಐದು ಮೈಕ್ರಾನ್ ಆಗಿರುವುದರಿಂದ, ಐದು ಪೀಸಿನ ಗುಂಪಿಗೆ ರೇಂಜಿನ ಮೇಲ್ಮಿತಿ ಹತ್ತೂವರೆಯ ಆಸುಪಾಸು. ರೇಂಜ್ ಚಾರ್ಟಿಗೆ ಒಂದು ಎಚ್ಚರಿಕೆ ಹಚ್ಚಿದ್ದರೂ ಸಾಕಿತ್ತು. ಎಂಟು ನಿಯಮಗಳ ಹುರುಪಿನಲ್ಲಿ ನಾನು ಅವೆಲ್ಲವನ್ನೂ ಸರಾಸರಿಯ ಚಾರ್ಟಿಗೇ ಹಚ್ಚಿದ್ದೆ.

ಗಿರಾಕಿಯ ಮಿತಿ ಒಂದೊಂದು ಪೀಸಿಗೂ ಅನ್ವಯಿಸುತ್ತದೆ. ಸರಾಸರಿಗೆ ಯಾರೂ ಬುಶ್ ಒತ್ತುವುದಿಲ್ಲ. ಇಂಥ ತಂತ್ರಾಂಶವನ್ನು ಮೂಲದಿಂದಲೇ ಬಿಡಿ ಅಳತೆಗೆ ನಿಲ್ಲಿಸಿ ಕಳಿಸಬೇಕಿತ್ತೆಂದು ಮಾರಾಟಗಾರರಿಗೆ ಬರೆದೆ. ಬಳಕೆದಾರರ ಕೈಪಿಡಿಯಲ್ಲಿ ಅದು ವಿವರಿಸಲ್ಪಟ್ಟಿದೆಯೆಂಬ ಉತ್ತರ ಬಂತು. ವಿವರಿಸಲ್ಪಟ್ಟಿರುವುದು ನಿಜ, ಪುಟ ಇನ್ನೂರರ ಆಚೆ. ಡೆಮೊ ನೋಡುವವರು ಮಾಡಬೇಕಾದ ಮೊದಲ ಪರೀಕ್ಷೆ ಇದು: ಮೇಲಿನಂಥ ಐದು ಅಂಕಿಗಳನ್ನು ಕೈಯಾರೆ ತುಂಬಿ, ಪರದೆ ಯಾವ ಬಣ್ಣಕ್ಕೆ ತಿರುಗುತ್ತದೆಂದು ನೋಡುವುದು.

ಈಗ ತಂತ್ರಾಂಶದ ಅತ್ಯುತ್ತಮ ಭಾಗಕ್ಕೆ ಬರುತ್ತೇನೆ. ಮಿತಿ ಮೀರಿದ ಒಂದು ಅಳತೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಪೀಸ್ ಕೆಟ್ಟಿದೆಯೇ ಎಂಬುದಕ್ಕಿಂತ ಮುಂಚೆ, ಈ ಅಳತೆ ನಿಜವೇ ಎಂಬುದು. ಬೆಳಗಾವಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಇದು ಒಣ ತರ್ಕದ ಮಾತಾಗಿ ಉಳಿಯುವುದಿಲ್ಲ. ಅಳತೆಯ ಪ್ರಮಾಣಿತ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ತಗಡಿನ ಮಾಡಿನ ಕೆಳಗಿನ ನಮ್ಮ ಶಾಪಿನಲ್ಲಿ ಅದು ಮೂರು ಗಂಟೆಯ ಹೊತ್ತಿಗೆ ಎಷ್ಟೋ ಮೇಲೇರಿರುತ್ತದೆ. ಪೀಸೂ ಮಾಸ್ಟರ್ ರಿಂಗೂ (ಗೇಜನ್ನು ಸರಿನೋಡಲು ಬಳಸುವ ನಿಖರ ಅಳತೆಯ ಉಂಗುರ) ಒಂದೇ ಬಿಸಿಯಲ್ಲಿದ್ದರೆ ಏರ್ ಗೇಜಿಗೆ ಹೆಚ್ಚು ತೊಂದರೆಯಿಲ್ಲ. ಆದರೆ ಈಗಷ್ಟೇ ಕೊರೆದ ಪೀಸ್ ರಿಂಗಿಗಿಂತ 12 ಡಿಗ್ರಿ ಬಿಸಿಯಾಗಿದ್ದರೆ, ಬೀಡು ಕಬ್ಬಿಣದ ಹಿಗ್ಗುವಿಕೆಯ ಲೆಕ್ಕದಲ್ಲಿ 25 ಮಿ.ಮೀ. ಬೋರ್ ಸುಮಾರು ಮೂರು ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ನಮ್ಮ ಐದು ಮೈಕ್ರಾನ್ ಸರಾಸರಿ ರೇಂಜಿಗೆ ನಿಯಂತ್ರಣ ಮಿತಿ ಮಧ್ಯರೇಖೆಯಿಂದ 2.9 ಮೈಕ್ರಾನ್ ದೂರದಲ್ಲಿದೆ. ಅಂದರೆ ಯಂತ್ರ, ಇನ್ಸರ್ಟ್, ಆಪರೇಟರ್ ಯಾರದೂ ತಪ್ಪಿಲ್ಲದೆ, ಪೀಸನ್ನು ತಣಿಯಲು ಬಿಡದೆ ಅಳೆದದ್ದಕ್ಕೇ ಚಾರ್ಟ್ ಮಿತಿ ದಾಟುತ್ತದೆ. ಆ ಸುಳ್ಳನ್ನು ನಂಬಿ ಆಪರೇಟರ್ ಆಫ್‌ಸೆಟ್ ಕಡಿಮೆ ಮಾಡಿದರೆ ಮುಂದಿನ ಪೀಸುಗಳು ನಿಜವಾಗಿಯೇ ಕಿರಿದಾಗುತ್ತವೆ.

ಈ ತಂತ್ರಾಂಶದಲ್ಲಿ ಮೊದಲ ಪ್ರತಿಕ್ರಿಯೆಯಾಗಿ ‘ಮತ್ತೆ ಅಳೆಯಿರಿ’ ಎಂಬ ಹೆಜ್ಜೆಯನ್ನು ಇಡಬಹುದು, ಅದಕ್ಕೆ ಕಾಯುವ ಸಮಯವನ್ನೂ ಸೂಚನೆಯನ್ನೂ ಜೋಡಿಸಬಹುದು. ನಾವು ಇಟ್ಟಿರುವುದು ಹೀಗೆ: ಮಿತಿ ಮೀರಿದರೆ ಹೂಟರ್ ಕೂಗುವುದಿಲ್ಲ, ಪರದೆ ಹಳದಿಯಾಗುತ್ತದೆ, ಗೇಜನ್ನು ಮಾಸ್ಟರ್ ರಿಂಗಿನ ಮೇಲೆ ಸರಿನೋಡಿ, ಪೀಸನ್ನು ಒರೆಸಿ, ರಿಂಗಿನ ಪಕ್ಕದ ಕಬ್ಬಿಣದ ಹಲಗೆಯ ಮೇಲೆ ಐದು ನಿಮಿಷ ಇಟ್ಟು ಮತ್ತೆ ಅಳೆಯಿರಿ ಎಂಬ ಸೂಚನೆ ಬರುತ್ತದೆ. ಮರು ಅಳತೆಯೂ ಮಿತಿ ಮೀರಿದರೆ ಮಾತ್ರ ಕೆಂಪು. ನನಗೆ ಮೆಚ್ಚುಗೆಯಾದ ಅಂಶವೆಂದರೆ ಮೊದಲ ಅಳತೆ ಅಳಿಸಿಹೋಗುವುದಿಲ್ಲ. ಎರಡೂ ಅಂಕಿ, ಎರಡೂ ಸಮಯ, ಅಳೆದವರ ಸಂಖ್ಯೆ ಒಟ್ಟಿಗೇ ಉಳಿಯುತ್ತವೆ. ಸರಿಯಾದ ಅಂಕಿ ಬರುವವರೆಗೆ ಅಳೆಯುತ್ತಲೇ ಹೋಗುವ ನಮ್ಮ ಹಳೆಯ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಔಷಧವನ್ನು ನಾನು ಕಂಡಿಲ್ಲ. ಒಂದೇ ಅವಕಾಶ, ಅದೂ ದಾಖಲೆಯ ಸಮೇತ.

ಕೈಯಿಂದ ಟೈಪ್ ಮಾಡುವ ಅಳತೆಗಳಿಗೆ ಇನ್ನೊಂದು ಜಾಲರಿ ಇದೆ. 25.008ನ್ನು ಒತ್ತುವ ಅವಸರದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ 25.08 ಆಗುವುದು ದಿನನಿತ್ಯದ ಮಾತು. ಡ್ರಾಯಿಂಗ್ ಮಿತಿಗಿಂತ ಸಾಕಷ್ಟು ಹೊರಗೆ ಒಂದು ‘ನಂಬಲಾಗದ’ ಮಿತಿಯನ್ನು ತುಂಬಿಟ್ಟರೆ, ಅದರಾಚೆಯ ಅಂಕಿಯನ್ನು ತಂತ್ರಾಂಶ ಮತ್ತೊಮ್ಮೆ ಟೈಪ್ ಮಾಡಿಸುತ್ತದೆ. ಎರಡನೆಯ ಸಲವೂ ಅದೇ ಅಂಕಿ ಬಂದರೆ ನಿಜವೆಂದು ಒಪ್ಪಿ ಕೆಂಪಾಗುತ್ತದೆ. ಸಾರಾಸಗಟಾಗಿ ತಿರಸ್ಕರಿಸುವ ತಂತ್ರಾಂಶಗಳೂ ಇವೆ, ಅವು ಅಪಾಯಕಾರಿ. ತಪ್ಪು ಟೂಲ್ ಹಾಕಿದ ದಿನ ಬೋರ್ ನಿಜಕ್ಕೂ 25.08 ಆಗಿರಬಹುದು.

ಕಾರಣ ಬರೆಯುವವರೆಗೆ ಸ್ಟೇಷನ್ನಿಗೆ ಬೀಗ ಹಾಕುವ ವ್ಯವಸ್ಥೆಯ ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾಗಿದೆ. ತಂತ್ರಾಂಶದ ಜೊತೆಗೇ ಬಂದ ಕಾರಣಗಳ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು, ಎಲ್ಲವೂ ಇಂಗ್ಲಿಷಿನಲ್ಲಿ. ಎರಡು ತಿಂಗಳ ಬಳಿಕ ಕಾರಣಗಳನ್ನು ಹೆಚ್ಚು ಸಲ ಬಂದದ್ದರಿಂದ ಕಡಿಮೆಯದರತ್ತ ಜೋಡಿಸಿ ತೋರಿಸುವ ಪ್ಯಾರೆಟೊ ನಕ್ಷೆ ತೆಗೆದು ನೋಡಿದರೆ, ಪಟ್ಟಿಯ ಮೊದಲ ಸಾಲೇ ನಮ್ಮ ಕಾರ್ಖಾನೆಯ ಮುಖ್ಯ ದೋಷವಾಗಿತ್ತು, ಎರಡನೆಯ ಸಾಲು ಎರಡನೆಯ ದೋಷ. ಬೀಗ ತೆಗೆಯುವ ಅತಿ ಹತ್ತಿರದ ಕೀಲಿಯನ್ನು ಜನ ಒತ್ತಿದ್ದರು, ಅಷ್ಟೆ. ಆಮೇಲೆ ಆಪರೇಟರುಗಳೊಡನೆ ಕುಳಿತು ಯಂತ್ರಕ್ಕೆ ಏಳರಂತೆ ಕಾರಣಗಳನ್ನು ಅವರಾಡುವ ಮಾತಿನಲ್ಲೇ ಬರೆದೆವು: ಇನ್ಸರ್ಟ್ ಸವೆದಿದೆ, ಮೂಲೆ ಬದಲಿಸಿದ ಮೇಲೆ ಆಫ್‌ಸೆಟ್ ಕೊಟ್ಟಿಲ್ಲ, ಕ್ಲಾಂಪಿನ ಕೆಳಗೆ ಚೂರು ಸಿಕ್ಕಿದೆ, ಎರಕ ಗಟ್ಟಿಯಾಗಿದೆ, ಹೀಗೆ. ಪ್ರತಿ ಕಾರಣದ ಮುಂದೆ ಮಾಡಬೇಕಾದ ಕೆಲಸವೂ ತೆರೆಯುತ್ತದೆ. ‘ಇತರೆ’ ಎಂಬುದು ಕೊನೆಯಲ್ಲಿದೆ, ಅದನ್ನು ಆರಿಸಿದವರು ಒಂದು ವಾಕ್ಯ ಟೈಪ್ ಮಾಡಲೇಬೇಕು. ಆ ಶಿಕ್ಷೆಗೆ ಹೆದರಿ ಜನ ನಿಜವಾದ ಕಾರಣವನ್ನೇ ಹುಡುಕುತ್ತಾರೆ.

ಪರದೆಯ ಮೇಲೆ ಕನ್ನಡವೂ ಮರಾಠಿಯೂ ಸರಿಯಾಗಿಯೇ ಮೂಡುತ್ತವೆ. ನಮ್ಮ ಶಾಪಿನಲ್ಲಿ ಎರಡೂ ಬೇಕು, ಆಪರೇಟರ್ ತನ್ನ ಸಂಖ್ಯೆ ಒತ್ತಿದಾಗ ಅವರ ಭಾಷೆ ಬರುವಂತೆ ಮಾಡಲು ಸಾಧ್ಯವಾಯಿತು. ತೊಂದರೆಯಾದದ್ದು ಚೀಟಿಯಲ್ಲಿ. ತಡೆಹಿಡಿದ ಮಾಲಿಗೆ ಅಂಟಿಸುವ ಚೀಟಿಯನ್ನು ಲೇಬಲ್ ಪ್ರಿಂಟರಿಗೆ ನೇರವಾಗಿ ಕಳಿಸಿದಾಗ ಕನ್ನಡದ ಜಾಗದಲ್ಲಿ ಚೌಕಗಳು ಬಂದವು. ಫಾಂಟ್ ತುಂಬಿದ ಮೇಲೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದವು. ಕೊನೆಗೆ ಚೀಟಿಯನ್ನು ಚಿತ್ರವಾಗಿ ಮಾಡಿ ಕಳಿಸುವ ಉಪಾಯವನ್ನು ನಮ್ಮ ಐಟಿ ಹುಡುಗನೇ ಕಂಡುಹಿಡಿದ. ಮಾರಾಟಗಾರರು ಆ ವೇಳೆಗೆ ಇಂಗ್ಲಿಷಿನಲ್ಲೇ ಮುದ್ರಿಸಿ ಎಂಬ ಸಲಹೆ ಕೊಟ್ಟು ದೂರನ್ನು ಮುಚ್ಚಿದ್ದರು.

ಚೀಟಿಯ ವಿಷಯ ಬಂದಿತಾದ್ದರಿಂದ ಅದರ ಉಪಯೋಗವನ್ನೂ ಹೇಳಬೇಕು. ಗಂಟೆಗೊಮ್ಮೆ ಅಳೆಯುವವರಿಗೆ, ಹನ್ನೊಂದು ಗಂಟೆಯ ಅಳತೆ ಕೆಟ್ಟರೆ ಸಂಶಯಕ್ಕೆ ಒಳಗಾಗುವುದು ಆ ಒಂದು ಪೀಸ್ ಮಾತ್ರವೇ ಆಗಿರುವುದಿಲ್ಲ. ಹತ್ತು ಗಂಟೆಯ ಒಳ್ಳೆಯ ಅಳತೆಯ ನಂತರ ಬಂದ ಎಲ್ಲ ಪೀಸುಗಳೂ ಆಗಿರುತ್ತವೆ. ಈ ತಂತ್ರಾಂಶ ಕೊನೆಯ ಒಳ್ಳೆಯ ಅಳತೆಯ ಸಮಯವನ್ನು ತಾನೇ ಹುಡುಕಿ, ಅಲ್ಲಿಂದ ಇಲ್ಲಿಯವರೆಗಿನ ಟ್ರೇಗಳ ಸಂಖ್ಯೆಯನ್ನು ಚೀಟಿಯ ಮೇಲೆ ಮುದ್ರಿಸುತ್ತದೆ. ವಾಹನೋದ್ಯಮದ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949ರ 2016ರ ಆವೃತ್ತಿ ತನ್ನ 9.1.1.1ನೆಯ ಖಂಡದಲ್ಲಿ, ಸ್ಥಿರವಲ್ಲದ ಅಥವಾ ಸಾಮರ್ಥ್ಯ ಸಾಲದ ಪ್ರಕ್ರಿಯೆಗೆ ಕಂಟ್ರೋಲ್ ಪ್ಲಾನಿನಲ್ಲಿ ಬರೆದ ಪ್ರತಿಕ್ರಿಯಾ ಯೋಜನೆಯನ್ನು ಜಾರಿಗೊಳಿಸಬೇಕು, ಅದರಲ್ಲಿ ಸೂಕ್ತವಾದಲ್ಲಿ ಮಾಲನ್ನು ತಡೆಹಿಡಿಯುವುದೂ ನೂರಕ್ಕೆ ನೂರು ತಪಾಸಣೆಯೂ ಇರಬೇಕು ಎನ್ನುತ್ತದೆ. ಕಳೆದ ಆಡಿಟ್‌ನಲ್ಲಿ ಆಡಿಟರ್ ಚಾರ್ಟಿನ ಒಂದು ಕೆಂಪು ಬಿಂದುವಿನ ಮೇಲೆ ಬೆರಳಿಟ್ಟು ಅಂದು ಏನು ಮಾಡಿದಿರಿ ಎಂದು ಕೇಳಿದಾಗ, ಮರು ಅಳತೆ, ಕಾರಣ, ತಡೆಹಿಡಿದ ಟ್ರೇಗಳು, ಬಿಡುಗಡೆ ಮಾಡಿದವರ ಸಹಿ, ಎಲ್ಲವನ್ನೂ ಒಂದೇ ಪುಟದಲ್ಲಿ ತೆಗೆದು ಕೊಟ್ಟೆ. ಆದರೆ ಇದೇ ಪುಟ ನಮ್ಮ ವಿರುದ್ಧವೂ ಸಾಕ್ಷಿ ಹೇಳಬಲ್ಲದು. ಉತ್ತರ ಕೊಡದ ಎಚ್ಚರಿಕೆಗಳೂ ಅಷ್ಟೇ ಅಚ್ಚುಕಟ್ಟಾಗಿ ದಾಖಲಾಗುತ್ತವೆ. ಕಂಟ್ರೋಲ್ ಪ್ಲಾನಿನಲ್ಲಿ ಬರೆದು ಮಾಡದೆ ಬಿಟ್ಟ ಪ್ರತಿಕ್ರಿಯೆ ತಾನೇ ಒಂದು ದೋಷವಾಗುತ್ತದೆ.

ಯಂತ್ರವನ್ನು ನಿಲ್ಲಿಸುವ ರಿಲೇಯನ್ನು ನಾವು ಎರಡು ಯಂತ್ರಗಳಿಗೆ ಮಾತ್ರ ಜೋಡಿಸಿದ್ದೇವೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಜೋಡಿಸಲು ಬಂದ ತಂತ್ರಜ್ಞ ರಿಲೇಯ ತಂತಿಯನ್ನು ಫೀಡ್ ಹೋಲ್ಡಿಗೆ ಕೊಡಲು ಹೊರಟಿದ್ದರು. ಹಾಗೆ ಕೊಟ್ಟರೆ ಮಿತಿ ಮೀರಿದ ಅಂಕಿ ಬಂದ ಕ್ಷಣ ಬೋರಿಂಗ್ ಬಾರ್ ಮುಂದಿನ ಪೀಸಿನ ನಡುವಿನಲ್ಲೇ ನಿಂತು, ಅಲ್ಲಿ ಗೆರೆ ಬಿದ್ದು, ಒಳ್ಳೆಯ ಪೀಸೂ ಕೆಡುತ್ತದೆ. ನಡೆಯುತ್ತಿರುವ ಸೈಕಲ್ ಮುಗಿಯಲಿ, ಮುಂದಿನದು ಮಾತ್ರ ಆರಂಭವಾಗದಿರಲಿ ಎಂದು ಸೈಕಲ್ ಸ್ಟಾರ್ಟಿನ ದಾರಿಯಲ್ಲಿ ಅದನ್ನು ಹಾಕಿಸಿದೆವು. ಸಂಪರ್ಕ ಕಡಿದರೆ ಯಂತ್ರ ನಿಲ್ಲುವಂತೆ ರಿಲೇಯನ್ನು ಸದಾ ಚಾಲೂ ಸ್ಥಿತಿಯಲ್ಲಿಟ್ಟಿದ್ದೇವೆ; ಇಲಿ ತಂತಿ ಕಡಿದ ದಿನ ಯಂತ್ರ ನಿಂತದ್ದಕ್ಕೆ ಉತ್ಪಾದನಾ ವಿಭಾಗದವರು ನನ್ನ ಮೇಲೆ ಸಿಟ್ಟಾದರು. ತಂತಿ ಕಡಿದದ್ದು ಯಾರಿಗೂ ತಿಳಿಯದೆ ಯಂತ್ರ ಓಡುತ್ತಲೇ ಇದ್ದಿದ್ದರೆ ಸಿಟ್ಟಾಗುವ ಸರದಿ ನನ್ನದಾಗುತ್ತಿತ್ತು.

ಅಳತೆ ನೋಡಿ ಆಫ್‌ಸೆಟ್ಟನ್ನು ತಾನೇ ತಿದ್ದುವ ಸೌಲಭ್ಯವನ್ನೂ ಮಾರಾಟಗಾರರು ಬಹಳ ಹೊಗಳಿದರು. ನಾವು ಅದನ್ನು ಹಚ್ಚಿಲ್ಲ. ಪ್ರತಿ ಅಳತೆಯ ವ್ಯತ್ಯಾಸಕ್ಕೂ ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ತಿದ್ದುತ್ತ ಹೋದರೆ, ಸ್ಥಿರವಾಗಿದ್ದ ಪ್ರಕ್ರಿಯೆಯ ಚದುರುವಿಕೆ, ವೇರಿಯನ್ಸ್ ಲೆಕ್ಕದಲ್ಲಿ, ಎರಡು ಪಟ್ಟಾಗುತ್ತದೆಂಬುದನ್ನು ಗುಣಮಟ್ಟದ ತಜ್ಞ ಡೆಮಿಂಗ್ ಅವರು ಆಲಿಕೆ ಮತ್ತು ಗೋಲಿಯ ಪ್ರಯೋಗದಿಂದ ತೋರಿಸುತ್ತಿದ್ದರು. ಮಧ್ಯಾಹ್ನದ ಬಿಸಿಯ ಮೂರು ಮೈಕ್ರಾನಿಗೂ ತಿದ್ದುವ ಯಂತ್ರ ನಮಗೆ ಬೇಕಿಲ್ಲ.

ಸಂದೇಶ ಕಳಿಸುವ ಭಾಗ ಈ ತಂತ್ರಾಂಶದಲ್ಲಿ ಅತ್ಯಂತ ದುರ್ಬಲ. ನಮ್ಮ ದೇಶದಲ್ಲಿ ಸಂಸ್ಥೆಯೊಂದು ಎಸ್‌ಎಂಎಸ್ ಕಳಿಸಬೇಕಾದರೆ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮುಂಚೆಯೇ ನೋಂದಾಯಿಸಬೇಕು. ಇದನ್ನು ಮಾರುವಾಗ ಯಾರೂ ಹೇಳಲಿಲ್ಲ. ನೋಂದಾಯಿಸಿದ ಮೇಲೆ ಕನ್ನಡ ಸಂದೇಶಕ್ಕೆ 160ರ ಬದಲು 70 ಅಕ್ಷರಸ್ಥಾನಗಳೇ ಸಿಗುತ್ತವೆ, ಗುಣಿತ ಮತ್ತು ಒತ್ತುಗಳೂ ಬೇರೆಬೇರೆಯಾಗಿ ಎಣಿಕೆಯಾಗುವುದರಿಂದ ಯಂತ್ರದ ಹೆಸರು ಮುಗಿಯುವುದರಲ್ಲಿ ಜಾಗ ಮುಗಿದಿರುತ್ತದೆ ಎಂಬುದು ಗೊತ್ತಾಯಿತು. ಹತ್ತು ನಿಮಿಷದಲ್ಲಿ ಯಾರೂ ಉತ್ತರಿಸದಿದ್ದರೆ ಸೂಪರ್‌ವೈಸರಿಗೆ, ಅರ್ಧ ಗಂಟೆಯಲ್ಲಿ ಉತ್ತರ ಬಾರದಿದ್ದರೆ ನನಗೆ ಎಂಬಂತೆ ಮೇಲಕ್ಕೆ ಒಯ್ಯುವ ಸೌಲಭ್ಯ ನಾವು ಕೊಂಡ ಆವೃತ್ತಿಯಲ್ಲಿ ಇಲ್ಲ, ಮೇಲಿನ ಆವೃತ್ತಿಗೆ ಹಣ ತೆರಬೇಕು. ಯಾರೂ ಗಮನಿಸದ ಎಚ್ಚರಿಕೆಯನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವುದು ಹೆಚ್ಚುವರಿ ಸವಲತ್ತೆಂದು ಮಾರಬೇಕಾದ ವಸ್ತುವೇ? ಸದ್ಯ ಟವರ್ ಲ್ಯಾಂಪ್ ಮತ್ತು ಶಿಫ್ಟ್ ಸೂಪರ್‌ವೈಸರಿನ ಕಣ್ಣು, ಇವೆರಡರ ಮೇಲೆ ನಡೆಸುತ್ತಿದ್ದೇವೆ.

ವಿದ್ಯುತ್ ಹೋಗಿ ಬಂದಾಗ ಸ್ಟೇಷನ್ನುಗಳು ಸರ್ವರಿಗಿಂತ ಮೊದಲೇ ಏಳುತ್ತವೆ. ಆ ನಡುವಿನ ಅಳತೆಗಳನ್ನು ಕೂಡಿಟ್ಟುಕೊಂಡು, ಸರ್ವರ್ ಎದ್ದ ಕೂಡಲೇ ಹಳೆಯ ಎಚ್ಚರಿಕೆಗಳನ್ನೆಲ್ಲ ಒಟ್ಟಿಗೆ ಕಕ್ಕುತ್ತವೆ. ಜೂನ್ ತಿಂಗಳ ಮಳೆ ಶುರುವಾದ ಮೇಲೆ ಇದು ವಾರಕ್ಕೆರಡು ಸಲ ನಡೆಯತೊಡಗಿತು. ಅಳತೆಯ ಸಮಯಕ್ಕಿಂತ ಹದಿನೈದು ನಿಮಿಷ ತಡವಾದ ಎಚ್ಚರಿಕೆಗೆ ಹೂಟರ್ ಬೇಡ, ದಾಖಲೆ ಸಾಕು ಎಂಬ ಆಯ್ಕೆಯನ್ನು ನಮ್ಮ ಕೋರಿಕೆಯ ಮೇರೆಗೆ ಈಚಿನ ಪರಿಷ್ಕರಣೆಯಲ್ಲಿ ಸೇರಿಸಿದ್ದಾರೆ. ಈ ಒಂದು ವಿಷಯದಲ್ಲಿ ಅವರ ಸೇವೆಯನ್ನು ಮೆಚ್ಚಲೇಬೇಕು. ಉಳಿದಂತೆ ದೂರಿಗೆ ಉತ್ತರ ಬರಲು ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ, ಬಂದ ಉತ್ತರ ಬಹುಪಾಲು ಕೈಪಿಡಿಯ ಪುಟಸಂಖ್ಯೆಯಾಗಿರುತ್ತದೆ.

ಇಪ್ಪತ್ತು ಜನರ, ಮೂರು ನಾಲ್ಕು ಯಂತ್ರಗಳ ಶಾಪಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿ ಮಾಲೀಕರೇ ಗೇಜಿನ ಪಕ್ಕದಲ್ಲಿ ನಿಂತಿರುತ್ತಾರೆ, ಅವರಿಗಿಂತ ವೇಗವಾಗಿ ಯಾವ ತಂತ್ರಾಂಶವೂ ಪ್ರತಿಕ್ರಿಯಿಸದು. ನಮ್ಮಷ್ಟು ಯಂತ್ರಗಳಿದ್ದು, ಗಿರಾಕಿಯಿಂದ ಕಟ್ಟುನಿಟ್ಟಿನ ಆಡಿಟ್ ಇದ್ದು, ನಿಯಮಗಳನ್ನು ಕುಳಿತು ಜೋಡಿಸಲು ಒಬ್ಬರನ್ನು ಎರಡು ತಿಂಗಳು ಬಿಟ್ಟುಕೊಡಬಲ್ಲವರು ಮಾತ್ರ ಕೊಳ್ಳಲಿ; ಕೊಳ್ಳುವ ಮುನ್ನ ಆ ಐದು ಅಂಕಿಗಳ ಪರೀಕ್ಷೆಯನ್ನು ತಪ್ಪದೆ ಮಾಡಲಿ. ನಮ್ಮ ವಾರ್ಷಿಕ ಪರವಾನಗಿ ಮುಂದಿನ ತಿಂಗಳು ಮುಗಿಯುತ್ತದೆ. ಮೂರು ಸ್ಟೇಷನ್ನುಗಳನ್ನು ಹೆಚ್ಚಿಸಿ, ಎಸ್‌ಎಂಎಸ್ ಭಾಗವನ್ನು ಕೈಬಿಟ್ಟು ನವೀಕರಿಸುವುದೆಂದು ತೀರ್ಮಾನಿಸಿ ಪತ್ರ ಬರೆದಿದ್ದೇವೆ. ಉತ್ತರ ಬಂದಿಲ್ಲ, ಇಂದಿಗೆ ಮೂರನೆಯ ದಿನ.